ಎರಡನೇ ಸಲ ತೆರಿಗೆ ಕಟ್ಟದ ಅಕ್ಕ

ಹೋದ ವಾರ ನನಗೊಂದು ಫೋನು ಬಂತು. ತಮಿಳುನಾಡಿನ ಸೇಲಂನಲ್ಲಿ ಶಂಕಗಿರಿ ರಸ್ತೆಯಲ್ಲಿರುವ, ನಾನು ಹಿಂದೆ ಪಾಠ ಮಾಡುತ್ತಿದ್ದ ಖಾಸಗಿ ಕಾಲೇಜಿನಿಂದ. ಅಲ್ಲಿ ಬಹಳ ವರ್ಷ ಆಟದ ಮೇಡಂ ಆಗಿದ್ದ ಅಕ್ಕ ತೀರಿಕೊಂಡಿದ್ದಕ್ಕೆ ಸಂತಾಪ ಸಭೆ ಇಟ್ಟಿದ್ದಾರಂತೆ. ನೀವು ಅವರ ಜೊತೆ ಇದ್ದವರು, ಬಂದು ನಾಲ್ಕು ಮಾತು ಆಡಬೇಕು, ಕರೆಸ್ಪಾಂಡೆಂಟರೇ ಹೇಳಿ ಕಳಿಸಿದ್ದಾರೆ ಎಂದು ಆಫೀಸಿನ ಹುಡುಗಿ ತಮಿಳಿನಲ್ಲಿ ಒಪ್ಪಿಸಿದಳು. ನಮ್ಮ ಕಡೆ ಖಾಸಗಿ ಕಾಲೇಜಿನಲ್ಲಿ ಕರೆಸ್ಪಾಂಡೆಂಟ್ ಎಂದರೆ ಮಾಲೀಕ ಎಂದೇ ಅರ್ಥ.

ಬರುವುದಿಲ್ಲ ಎಂದೆ. ಯಾಕೆ ಮೇಡಂ ಎಂದಳು. ಬಂದರೆ ನಾಲ್ಕೇ ಮಾತಿಗೆ ನಿಲ್ಲುವುದಿಲ್ಲ ಎಂದೆ. ಆ ಹುಡುಗಿಗೆ ಏನೂ ಗೊತ್ತಿಲ್ಲ, ಈಚೆಗೆ ಕೆಲಸಕ್ಕೆ ಸೇರಿದವಳು. ಸರಿ ಮೇಡಂ ಎಂದು ಫೋನು ಇಟ್ಟಳು.

ಸಭೆ ನಡೆಯಿತು. ಅಲ್ಲಿ ಆಡಿದ ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ನಾನೀಗ ಇರುವ ಧರ್ಮಪುರಿಯವರೆಗೂ ಬಂತು. ಆಕೆ ಈ ಸಂಸ್ಥೆಯ ಆಧಾರಸ್ತಂಭ, ನನಗೆ ಒಡಹುಟ್ಟಿದ ಅಕ್ಕ ಇದ್ದ ಹಾಗೆ, ನಗುನಗುತ್ತಾ ದುಡಿದ ಜೀವ ಎಂದು ಕರೆಸ್ಪಾಂಡೆಂಟ್ ಹೇಳಿದನಂತೆ. ಹೇಳಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡನಂತೆ. ಆಕೆಯನ್ನು ಗೇಟಿನೊಳಗೆ ಬಿಡಬೇಡಿ ಎಂದು ವಾಚ್‌ಮನ್‌ಗೆ ಹೇಳಿದ್ದವನು ಇವನೇ. ಕೇಳಿದ ಮೇಲೆ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಅಕ್ಕ ನಗುನಗುತ್ತಾ ದುಡಿದವರಲ್ಲ. ಕೋಪ ಮಾಡಿಕೊಂಡೇ ದುಡಿದವರು. ಅವರ ಕೋಪವನ್ನೂ ಕಿತ್ತುಕೊಂಡು ಹಲ್ಲು ಕಿರಿಯುವ ಫೋಟೋ ಒಂದನ್ನು ನಮ್ಮ ಮುಂದೆ ಇಟ್ಟರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಅವರು ಕುಳ್ಳಗಿದ್ದರು. ಹತ್ತಿ ಸೀರೆಯನ್ನು ಒಂದಿಷ್ಟು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ ಬಿಸಿಲಲ್ಲಿ ನಿಲ್ಲುತ್ತಿದ್ದರು. ಕತ್ತಿನಲ್ಲಿ ವಿಷಲ್ ಇತ್ತು, ಊದಿದ್ದು ಕಡಿಮೆ. ಅವರ ಗಂಟಲೇ ಸಾಕಾಗಿತ್ತು. ಸೇಲಂನ ಗುಗೈನಲ್ಲಿ ಮಗ್ಗದ ಮನೆಯಲ್ಲಿ ಹುಟ್ಟಿದವರು. ಅಪ್ಪ ನೇಯುತ್ತಿದ್ದರು, ಅಣ್ಣ ನೇಯುತ್ತಿದ್ದರು, ಕಾಲೇಜು ಸೇರುವವರೆಗೆ ಇವರೂ ನೇಯ್ದಿದ್ದರು. ಮದುವೆಯಾಗಲಿಲ್ಲ. ಅಣ್ಣ ಹೋದ ಮೇಲೆ ಅತ್ತಿಗೆಯ ಜೊತೆ ಅದೇ ಮನೆಯಲ್ಲಿದ್ದರು. ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು. ಕನ್ನಡದ ಅಕ್ಷರ ಅವರಿಗೆ ಒಂದೂ ಬಾರದು. ನಾನು ಕೊಳ್ಳೇಗಾಲದಲ್ಲಿ ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಹೋದವಳಾದ್ದರಿಂದ ಇದನ್ನು ಹೀಗೆ ಬರೆಯುತ್ತಿದ್ದೇನೆ. ಕಂಡಿದ್ದರೆ ‘ಇದುನ್ನ ಇಲ್ಲಿ ಯಾರ್ ಓದ್ತಾರೆ’ ಎಂದು ಅದಕ್ಕೂ ಬೈಯುತ್ತಿದ್ದರು.

ನಾನು ಕಾಮರ್ಸ್ ಪಾಠ ಮಾಡಲು ಆ ಕಾಲೇಜು ಸೇರಿದ ಮೊದಲ ದಿನ ಮೇಟೂರು ಹತ್ತಿರದ ನಮ್ಮ ಹಳ್ಳಿಯಲ್ಲಿದ್ದ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಯಾರೋ ಭುಜ ತಟ್ಟಿದರು.

“ಲೇ, ನೀನು ನಮ್ ಮಾತು ಆಡ್ತೀಯಾ?”

“ಊಂ ಅಕ್ಕಾ. ಮೇಟೂರ್ ಪಕ್ಕ.”

“ಅಂಗಾದ್ರೆ ಸರಿಯೋಯ್ತು. ತಮಿಳಲ್ಲಿ ಬೈದ್ರೆ ಅವ್ರಿಗೆ ಅರ್ಥ ಆಗ್ತೈತೆ. ನಮ್ ಮಾತಲ್ಲಿ ಬೈದ್ರೆ ನಂಗೆ ಸಮಾಧಾನ ಆಗ್ತೈತೆ. ಇಷ್ಟು ದಿನ ಕೇಳೋರೇ ಇರ್ಲಿಲ್ಲ.”

ಅಂದಿನಿಂದ ಅವರು ನನಗೆ ಅಕ್ಕ, ನಾನು ಅವರಿಗೆ ಅಮ್ಮಣ್ಣಿ. ಮಧ್ಯಾಹ್ನ ಊಟದ ಡಬ್ಬಿ ತಂದು ನನ್ನ ಪಕ್ಕ ಕೂರುತ್ತಿದ್ದರು. ಡಬ್ಬಿ ತೆಗೆಯುವ ಮೊದಲು ಅವತ್ತಿನ ಬೈಗುಳ ಮುಗಿಯಬೇಕು. ಹಾಸ್ಟೆಲಿನ ಸಾಂಬಾರು, ಹುಡುಗಿಯರ ಕೋಣೆಯ ಮುರಿದ ಚಿಲಕ, ಆಟ ಬೇಡ ಮದುವೆಗೆ ಕಪ್ಪಾಗುತ್ತಾಳೆ ಎಂದ ಯಾವಳೋ ತಾಯಿ. ಆಮೇಲೆ ಡಬ್ಬಿ ತೆಗೆದು, ಅತ್ತಿಗೆ ಮಾಡಿದ ಪಲ್ಯದಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿ ನೆಮ್ಮದಿಯಾಗಿ ಉಣ್ಣುತ್ತಿದ್ದರು.

ಅವರ ಕೋಪ ಸುಮ್ಮನೆ ಕಂಡವರ ಮೇಲೆ ಹೋಗಿ ಬೀಳುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಲಾರಿಯ ದಿನ. ಕರೆಸ್ಪಾಂಡೆಂಟನಿಗೆ ಶಂಕಗಿರಿಯಲ್ಲಿ ಲಾರಿಗಳಿದ್ದವು. ಅಲ್ಲಿ ನಿಲ್ಲಿಸಲು ಜಾಗ ಸಾಲದಾದಾಗ ನಮ್ಮ ಆಟದ ಮೈದಾನಕ್ಕೆ ತಂದು ನಿಲ್ಲಿಸುತ್ತಿದ್ದರು. ಡೀಸೆಲ್ ಸೋರಿ ನೆಲ ಜಾರುತ್ತಿತ್ತು. ಖೋ ಖೋ ಆಡುವ ಹುಡುಗಿಯೊಬ್ಬಳು ಜಾರಿಬಿದ್ದು ಮೊಣಕಾಲು ಒಡೆದುಕೊಂಡಳು. ಅಕ್ಕ ಪ್ರಿನ್ಸಿಪಾಲರಿಗೆ ಹೇಳಿದರು, ಆಫೀಸಿಗೆ ಹೇಳಿದರು, ಏನೂ ಆಗಲಿಲ್ಲ. ಮುಂದಿನ ಶನಿವಾರ ಬಂದಾಗ ಲಾರಿಯೊಂದು ಮೈದಾನದ ಮೂಲೆಯಲ್ಲಿ ನಿಂತಿತ್ತು. ಅಕ್ಕ ಹಾರೆ ತರಿಸಿ ಅದರ ಮೂತಿಯ ಮುಂದೆ ಒಂದು ಕಂಬ, ಬೆನ್ನ ಹಿಂದೆ ಒಂದು ಕಂಬ ನೆಡಿಸಿ, ಲಾರಿಯ ಪಕ್ಕದಲ್ಲೇ ಹುಡುಗಿಯರನ್ನು ಸಾಲಾಗಿ ಕೂರಿಸಿ ಆಟ ಶುರು ಮಾಡಿಸಿದರು. ಸಿಮೆಂಟು ತುಂಬಲು ಹೋಗಬೇಕಿದ್ದ ಲಾರಿ. ಡ್ರೈವರ್ ಬಂದು ಕೈ ಮುಗಿದ.

“ಆಟ ಮುಗೀಲಿ ತಮ್ಮಾ,” ಎಂದರು ಅಕ್ಕ ತಮಿಳಿನಲ್ಲಿ.

ಆಟ ಮುಗಿದದ್ದು ಹೊತ್ತು ಇಳಿದ ಮೇಲೆ. ಅಷ್ಟು ಹೊತ್ತೂ ಆ ಡ್ರೈವರನನ್ನು ನೆರಳಲ್ಲಿ ಕೂರಿಸಿ, ಕ್ಯಾಂಟೀನಿನಿಂದ ಟೀ, ವಡೆ ತರಿಸಿ ಕೊಟ್ಟರು. ಇವನಿಗೇಕೆ ಉಪಚಾರ ಎಂದು ನಾನು ಕೇಳಿದೆ.

“ಅವ್ನ ಮೇಲೆ ನಂಗೇನು ಕೋಪ? ಓಡ್ಸು ಅಂದ್ರೆ ಓಡಿಸ್ತಾನೆ, ನಿಲ್ಸು ಅಂದ್ರೆ ನಿಲ್ಲಿಸ್ತಾನೆ. ನಿಲ್ಸು ಅಂದೋನು ಬೇರೆ ಅವ್ನೆ. ಕೋಪಕ್ಕೂ ಒಂದು ಅಡ್ರೆಸ್ ಬೇಕು ಲೇ. ಸಿಕ್ಕಿದ್ ಮನೇಗೆಲ್ಲ ಹಾಕಿ ಬರಕ್ಕಾಗ್ತದಾ?”

ಅದರ ನಂತರ ಲಾರಿಗಳು ಮೈದಾನಕ್ಕೆ ಬರಲಿಲ್ಲ. ಅವತ್ತು ಕರೆಸ್ಪಾಂಡೆಂಟ್ ನಕ್ಕು ಸುಮ್ಮನಾದನಂತೆ. ಆತನೂ ನಮ್ಮ ಮಾತಿನವನೇ. ಸಿಕ್ಕಾಗಲೆಲ್ಲ ‘ಅಕ್ಕಾ’ ಎಂದೇ ಕರೆಯುತ್ತಿದ್ದ.

ಈಗ ತೆರಿಗೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಮಕ್ಕಳಿಗೆ ನಾನು ಪಾಠ ಮಾಡುವುದೂ ಇದನ್ನೇ. ಸಂಬಳ ಕೊಡುವವನು ಇಡೀ ವರ್ಷಕ್ಕೆ ನಿಮಗೆ ಎಷ್ಟು ಕೊಡುತ್ತೇನೆಂದು ಅಂದಾಜು ಮಾಡುತ್ತಾನೆ. ಅದಕ್ಕೆ ಬರುವ ಆದಾಯ ತೆರಿಗೆಯನ್ನು ತಿಂಗಳುಗಳಿಗೆ ಹಂಚಿ, ಪ್ರತಿ ತಿಂಗಳ ಪಾಲನ್ನು ಸಂಬಳದಲ್ಲೇ ಹಿಡಿದುಕೊಂಡು ಉಳಿದದ್ದನ್ನು ನಿಮ್ಮ ಕೈಗೆ ಕೊಡುತ್ತಾನೆ. ಹಿಡಿದದ್ದನ್ನು ಮುಂದಿನ ತಿಂಗಳ ಮೊದಲ ವಾರದಲ್ಲೇ ಸರ್ಕಾರಕ್ಕೆ ಕಟ್ಟಿ, ಇದು ಇಂಥವರ ತೆರಿಗೆ ಎಂದು ನಿಮ್ಮ ಪ್ಯಾನ್ ನಂಬರಿಗೆ ಸೇರಿಸಬೇಕು. ಹಿಡಿದ ಕ್ಷಣದಿಂದ ಆ ಹಣ ಅವನದಲ್ಲ. ನಿಮ್ಮದೂ ಅಲ್ಲ. ಅದು ಸರ್ಕಾರದ್ದು, ಅವನ ಕೈಯಲ್ಲಿ ಹೋಗುತ್ತಿದೆ, ಅಷ್ಟೆ. ವ್ಯಾಪಾರ ಮಾಡುವವನು ವರ್ಷದ ಕೊನೆಯವರೆಗೆ ಲೆಕ್ಕ ತೋರಿಸದೆ ಇರಬಹುದು. ಸಂಬಳದವನಿಗೆ ಆ ಸೌಕರ್ಯವಿಲ್ಲ. ಅವನ ತೆರಿಗೆ ಅವನು ಕಾಣುವ ಮೊದಲೇ ಹೋಗಿರುತ್ತದೆ.

ಒಂದು ದಿನ ಅಕ್ಕ ಊಟದ ಡಬ್ಬಿ ಇಲ್ಲದೆ, ಫೋನು ಮಾತ್ರ ಹಿಡಿದು ಬಂದರು.

“ಅಮ್ಮಣ್ಣಿ, ಇದೇನ್ ಏಳ್ತೈತೆ ನೋಡು. ನಾನು ಸರ್ಕಾರಕ್ಕೆ ಬಾಕಿ ಅಂತೆ.”

ತೆರಿಗೆ ಇಲಾಖೆಯ ನೋಟಿಸು. ಹಿಂದಿನ ಎರಡು ವರ್ಷದ ತೆರಿಗೆ ಕಟ್ಟಿಲ್ಲ, ಬಡ್ಡಿ ಸೇರಿಸಿ ಕಟ್ಟಿ ಎಂದಿತ್ತು. ಮೊತ್ತ ಅವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಏನೋ ತಪ್ಪಾಗಿದೆ ಎಂದುಕೊಂಡು ನನ್ನ ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆದೆ. ಅವರ ಹೆಸರಿನಲ್ಲಿ ಯಾರು ಯಾರು ತೆರಿಗೆ ಕಟ್ಟಿದ್ದಾರೆ ಎಂದು ತೋರಿಸುವ ಪುಟ ಅದರಲ್ಲಿದೆ. ಬ್ಯಾಂಕಿನವರು ಡಿಪಾಸಿಟ್ಟಿನ ಬಡ್ಡಿಯಲ್ಲಿ ಹಿಡಿದ ಪುಡಿಗಾಸು ಅಲ್ಲಿ ಕಂಡಿತು. ಕಾಲೇಜಿನ ಹೆಸರು ಇರಲಿಲ್ಲ. ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಮಾತ್ರ ‘ಟಿಡಿಎಸ್’ ಎಂದು ಹಿಡಿದದ್ದು ಸ್ಪಷ್ಟವಾಗಿತ್ತು.

ನನ್ನ ಖಾತೆ ತೆರೆದೆ. ನನ್ನದೂ ಹಾಗೇ.

“ಏನ್ ಲೇ, ಮುಖ ಯಾಕೆ ಅಂಗೆ ಮಾಡ್ಕೊಂಡೆ?”

“ಅಕ್ಕಾ, ನಮ್ಮತ್ರ ಇಡ್ದಿದ್ದಾರೆ. ಕಟ್ಟಿಲ್ಲ.”

“ಕಟ್ಟಿಲ್ಲ ಅಂದ್ರೆ?”

“ಕಟ್ಟೇ ಇಲ್ಲ. ಎರಡು ವರ್ಸದಿಂದ.”

ಅವರು ಕಾಲೇಜಿನ ಹೆಸರಿಲ್ಲದ ಆ ಪುಟವನ್ನು ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕಿದರು. ಸಾಂಬಾರಿಗೆ ಅಷ್ಟು ಕೂಗುತ್ತಿದ್ದವರು ಅವತ್ತು ಕೂಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ತೆರಿಗೆ ಬೀಳುವಷ್ಟು ಸಂಬಳ ಇದ್ದವರು ಕಾಲೇಜಿನಲ್ಲಿ ಹತ್ತಿಪ್ಪತ್ತು ಜನ. ಸಂಜೆಯ ಹೊತ್ತಿಗೆ ಎಲ್ಲರೂ ಅವರವರ ಫೋನಿನಲ್ಲಿ ನೋಡಿಕೊಂಡರು. ಎಲ್ಲರದೂ ಒಂದೇ ಕತೆ. ಅಕೌಂಟೆಂಟನನ್ನು ಕೇಳಿದರೆ ‘ಟೆಕ್ನಿಕಲ್ ಪ್ರಾಬ್ಲಂ’ ಎಂದು ತಲೆ ತಗ್ಗಿಸಿದ. ಮರುದಿನ ಅಕ್ಕ ನೇರ ಕರೆಸ್ಪಾಂಡೆಂಟನ ಕೋಣೆಗೆ ಹೋದರು. ನಾನೂ ಜೊತೆಗಿದ್ದೆ.

“ಬನ್ನಿ ಅಕ್ಕಾ, ಕೂತ್ಕಳಿ. ಬಿಸಿಲಲ್ಲಿ ಬಂದಿದ್ದೀರ. ಮೋರು ತರ್ಸಲಾ?”

“ಮೋರು ಬ್ಯಾಡ. ನನ್ ಸಂಬ್ಳದಲ್ಲಿ ವರಿ ಅಂತ ಇಡ್ದಿದ್ದು ಎಲ್ಲೋಯ್ತು?” ಎಂದರು ಅಕ್ಕ. ಮೋರು ಎಂದರೆ ಮಜ್ಜಿಗೆ, ವರಿ ಎಂದರೆ ತೆರಿಗೆ, ಎರಡೂ ತಮಿಳಿನಿಂದ ನಮ್ಮ ಮಾತಿಗೆ ಬಂದವು.

“ಎಲ್ಲೂ ಓಗಿಲ್ಲ ಅಕ್ಕಾ. ಕಾಲೇಜಲ್ಲೇ ಐತೆ. ಓಸ ಬ್ಲಾಕ್ ಎದ್ದಿಲ್ವಾ, ಅದುಕ್ಕೇ ಆಯ್ತು. ಒಂದು ರೊಟೇಷನ್ ಅಷ್ಟೆ. ಅಡ್ಮಿಷನ್ ಆಗ್ಲಿ, ಕಟ್ಟಿಬಿಡಣ.”

“ನಾನು ಬ್ಲಾಕ್ ಕಟ್ಟಕ್ಕೆ ಕೊಟ್ನಾ?”

“ನಾವೆಲ್ಲ ಒಂದೇ ಮನೆಯೋರು ತಾನೆ ಅಕ್ಕಾ. ಈಗ ನೀವೇ ಒಂದ್ಸಲ ಕಟ್ಟಿಬಿಡಿ, ನೋಟಿಸ್ ಕಾಟ ತಪ್ತದೆ. ದೀಪಾವಳಿ ಒತ್ತಿಗೆ ನಾನು ಕೈಲಿ ಕೊಡ್ತೀನಿ. ನಮ್ ಮಾತಿನೋರಿಗೆ ನಾನು ಮೋಸ ಮಾಡ್ತೀನಾ?”

ಅಕ್ಕ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತರು.

“ಸಾಲ ಅಂತ ಕೇಳಿದ್ರೆ ಕೊಡ್ತಿದ್ನೋ ಏನೋ. ಕೇಳ್ಲಿಲ್ಲ ನೀನು. ಸರ್ಕಾರಕ್ಕೆ ಅಂತ ಏಳಿ ನನ್ ಕೈಯಿಂದ ತಗಂಡೆ, ನಿನ್ ಗೋಡೇಗೆ ಆಕ್ಕಂಡೆ. ಇದುಕ್ಕೆ ನಮ್ ಮಾತಲ್ಲೂ ತಮಿಳಲ್ಲೂ ಒಂದೊಂದು ಎಸ್ರು ಐತೆ. ಅಕ್ಕಾ ಅಕ್ಕಾ ಅಂದ್ರೆ ಆ ಎಸ್ರು ಬದಲಾಗಲ್ಲ.”

ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು ‘ನೀನು’ ಎಂದದ್ದು ಆತನಿಗೆ ನಾಟಿತು. ಮುಖದ ನಗು ಹೋಯಿತು.

“ಯೋಚ್ನೆ ಮಾಡಿ ಮಾತಾಡಿ ಅಕ್ಕಾ. ರಿಟೈರ್ ಆಗಕ್ಕೆ ಇನ್ನೆಷ್ಟು ವರ್ಸ ಐತೆ ನಿಮ್ಗೆ?”

“ಎರಡು. ಅಷ್ಟು ದಿನಾನೂ ಯೋಚ್ನೆ ಮಾಡಿದ್ರೂ ನಾನು ಎರಡನೇ ಸಲ ಕಟ್ಟಲ್ಲ.”

ಬೇರೆಯವರು ಕಟ್ಟಿದರು. ಅವರ ಹೆಸರು ಬರೆಯುವುದಿಲ್ಲ, ಆದರೆ ಅವರ ಮುಖ ಒಂದೊಂದೂ ನೆನಪಿದೆ. ಗಣಿತದ ವಿಭಾಗದ ಮುಖ್ಯಸ್ಥರು ಚಿನ್ನ ಅಡವಿಟ್ಟು ಕಟ್ಟಿದರು. ‘ವೇಲೆ ಮುಕ್ಕಿಯಂ ಮೇಡಂ’, ಕೆಲಸ ಮುಖ್ಯ ಎಂದರು. ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ಕೆಲಸ ಹೋದರೆ ಏನು ಗತಿ ಎನ್ನುವವರ ಭಯ ನನಗೆ ಅರ್ಥವಾಗುತ್ತದೆ. ನನಗೆ ಅರ್ಥವಾಗದ್ದು ಇನ್ನೊಂದು. ಕಾರಿಡಾರಿನಲ್ಲಿ ಯಾರೂ ಇಲ್ಲದಾಗ ಅಕ್ಕನ ಹತ್ತಿರ ಬಂದು ‘ಬಿಡಬೇಡಿ ಮೇಡಂ, ನಾವು ಇದ್ದೇವೆ’ ಎಂದು ಪಿಸುಗುಟ್ಟಿ, ಪ್ರಿನ್ಸಿಪಾಲ್ ಬರುವುದು ಕಂಡ ಕೂಡಲೇ ನೋಟಿಸ್ ಬೋರ್ಡು ಓದಲು ತಿರುಗುವವರು. ಅವರು ಎಲ್ಲಿದ್ದರು? ಯಾರ ಜೊತೆ ಇದ್ದರು?

ಅಕ್ಕ ಮತ್ತು ನಾನು ತೆರಿಗೆ ಕಚೇರಿಗೆ ಹೋದೆವು. ಸಂಬಳದ ಚೀಟಿಗಳು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಾ ಒಂದು ಬಟ್ಟೆಯ ಚೀಲದಲ್ಲಿ. ಅಲ್ಲಿನ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಗೆ ಹಣ ಬಂದಿಲ್ಲವಲ್ಲ ಎಂದರು. ನಾನು ಕಾನೂನು ಹೇಳಿದೆ. ಸಂಬಳದಲ್ಲಿ ತೆರಿಗೆ ಹಿಡಿದ ಮೇಲೆ, ಹಿಡಿದವನು ಕಟ್ಟದಿದ್ದರೂ ಅದನ್ನು ಮತ್ತೆ ನೌಕರನಿಂದ ಕೇಳುವ ಹಾಗಿಲ್ಲ. ಕೇಳಬೇಕಾದದ್ದು ಹಿಡಿದವನನ್ನು.

“ಸರಿಯಾಗಿಯೇ ಹೇಳಿದಿರಿ,” ಎಂದರು ಅವರು. “ಆದರೆ ನೋಟಿಸು ಕಳಿಸುವುದು ಯಂತ್ರ. ಅದಕ್ಕೆ ಹಣ ಬಂತೋ ಇಲ್ಲವೋ ಅಷ್ಟೇ ಗೊತ್ತು. ಹಿಡಿದಿದ್ದಾರೆ ಎಂದು ನೀವು ತೋರಿಸಬೇಕು. ಬರೆದುಕೊಡಿ, ಕಾಲೇಜಿನ ಮೇಲೆ ವಿಚಾರಣೆಗೆ ಕಳಿಸುತ್ತೇನೆ. ಆದರೆ ಯಾರು ಬರೆದುಕೊಟ್ಟರು ಎಂದು ಅವರಿಗೆ ತಿಳಿದೇ ತಿಳಿಯುತ್ತದೆ. ಮನೆಗೆ ಹೋಗಿ ವಿಚಾರ ಮಾಡಿ ಬನ್ನಿ ಅಮ್ಮಾ.”

ಅಕ್ಕನಿಗೆ ಅವರ ಮೇಲೆ ಕೋಪ ಬಂದದ್ದು ಆಗಲೇ.

“ಕಳ್ಳನ ಎಸ್ರು ಏಳಕ್ಕೆ ಕಳ್ಕೊಂಡೋಳು ಮನೇಗೋಗಿ ವಿಚಾರ ಮಾಡ್ಬೇಕಾ?” ಎಂದು ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಅಂದು, ಅವರಿಗೆ ತಮಿಳಿನಲ್ಲಿ ಪೆನ್ನು ಕೊಡಿ ಸಾರ್ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ನಾನು ಬರೆದೆ. ಅವರು ಸಹಿ ಮಾಡಿದರು, ಕೆಳಗೆ ನಾನು ಮಾಡಿದೆ. ಉಳಿದವರು ಸಹಿ ಮಾಡಲೆಂದು ಇನ್ನೊಂದು ಪ್ರತಿಯನ್ನು ಸ್ಟಾಫ್ ರೂಮಿಗೆ ತಂದೆವು. ಅದು ಒಂದು ವಾರ ಮೇಜಿನ ಮೇಲಿತ್ತು. ಯಾರೋ ಅದರ ಮೇಲೆ ಟೀ ಲೋಟ ಇಟ್ಟಿದ್ದ ಗುರುತು ಬಿಟ್ಟರೆ ಬೇರೆ ಏನೂ ಬೀಳಲಿಲ್ಲ.

ಆಮೇಲೆ ನಡೆದದ್ದು ನೀವು ಊಹಿಸುವ ಹಾಗೆಯೇ ನಡೆಯಿತು. ನನ್ನ ಗುತ್ತಿಗೆ ಆ ಬೇಸಿಗೆಗೆ ಮುಗಿಯಿತು, ಮುಂದುವರಿಸಲಿಲ್ಲ. ನನಗೆ ಇನ್ನೂ ಚಿಕ್ಕ ವಯಸ್ಸು, ಧರ್ಮಪುರಿಯಲ್ಲಿ ಬೇರೆ ಕಡೆ ಸೇರಿಕೊಂಡೆ. ಅಕ್ಕನನ್ನು ಮೊದಲು ಮೈದಾನದಿಂದ ಎಬ್ಬಿಸಿ ಹಾಸ್ಟೆಲಿನ ಉಗ್ರಾಣ ನೋಡಿಕೊಳ್ಳಲು ಹಾಕಿದರು. ಅಕ್ಕಿ ಮೂಟೆ ಎಣಿಸುವ ಕೆಲಸ. ಖೋ ಖೋ ತಂಡ ವಿಶ್ವವಿದ್ಯಾಲಯದ ಪಂದ್ಯಕ್ಕೆ ಹೊರಡುವುದಿತ್ತು. ಆರು ತಿಂಗಳು ಅವರೇ ಬೆಳಗಾಗೆದ್ದು ತಯಾರು ಮಾಡಿದ ತಂಡ. ಅದರ ಜೊತೆ ಕಂಪ್ಯೂಟರ್ ಪಾಠದ ಒಬ್ಬ ಮೇಷ್ಟ್ರನ್ನು ಕಳಿಸುವುದೆಂದಾಯಿತು.

ತಂಡದ ನಾಯಕಿ ಎಡಪ್ಪಾಡಿಯ ಮಗ್ಗದ ಮನೆಯ ಹುಡುಗಿ. ಮುಂದಿನದು ಆಮೇಲೆ ಅವಳೇ ನನಗೆ ಹೇಳಿದ್ದು. ಮೇಡಂ ಬರದಿದ್ದರೆ ನಾವು ಬಸ್ಸು ಹತ್ತುವುದಿಲ್ಲ ಎಂದು ತಂಡದವರನ್ನೆಲ್ಲ ಗೇಟಿನ ಹತ್ತಿರ ಕೂರಿಸಿದಳು. ಆಫೀಸಿನವರು ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಹೆದರಿಸಿದರು. ಹುಡುಗಿಯರು ಏಳಲಿಲ್ಲ. ಕೊನೆಗೆ ಅಕ್ಕನೇ ಉಗ್ರಾಣದಿಂದ ಬಂದರು, ಸೀರೆಗೆಲ್ಲ ಅಕ್ಕಿಯ ಧೂಳು. ನಾಯಕಿಗೂ ಮನೆಮಾತು ಕನ್ನಡವೇ, ಅವಳೊಡನೆ ಅದರಲ್ಲೇ ಮಾತಾಡಿದರು.

“ಏಳು ಮ್ಯಾಕೆ. ಬಸ್ ಅತ್ತು.”

“ನೀವು ಇಲ್ದೆ ಓಗಲ್ಲ ಮೇಡಂ.”

“ನನ್ ಜಗಳ ನಂದು. ಅದು ನಿಮ್ ಕಾಲಿಗೆ ಸಿಗಾಕ್ಕೊಂಡು ನೀವು ಬೀಳ್ಬಾರ್ದು. ಓಗಿ ಆಡು. ಸೋತು ಬಂದ್ರೂ ಬಾ, ಆಡ್ದೆ ಮಾತ್ರ ಬರ್ಬ್ಯಾಡ.”

ಹೋದರು. ಎರಡನೇ ಸುತ್ತಿನಲ್ಲಿ ಸೋತರು. ಅಷ್ಟರಲ್ಲಿ ಅಕ್ಕನನ್ನು ಕೆಲಸದಿಂದಲೇ ತೆಗೆದಿದ್ದರು. ಶಿಸ್ತು ಮೀರಿ ವಿದ್ಯಾರ್ಥಿನಿಯರನ್ನು ಎತ್ತಿಕಟ್ಟಿದರು ಎಂಬುದು ಆರೋಪ. ಕೂತಿದ್ದವರನ್ನು ಎಬ್ಬಿಸಿ ಬಸ್ಸು ಹತ್ತಿಸಿದವರ ಮೇಲೆ ಆ ಆರೋಪ. ತಮ್ಮ ಸಾಮಾನು ತರಲು ಹೋದ ದಿನ ವಾಚ್‌ಮನ್ ಗೇಟು ತೆಗೆಯಲಿಲ್ಲ. ಅಳುತ್ತಿದ್ದನಂತೆ ಅವನು. ಅಕ್ಕ ಅವನಿಗೂ ಒಂದು ಮಾತು ಅನ್ನಲಿಲ್ಲ.

ಸೋತು ಬಂದ ಹುಡುಗಿಯರು ಗುಗೈನ ಮನೆಗೆ ಹೋದಾಗ ನಾನೂ ಅಲ್ಲಿದ್ದೆ. ಇವರೆಲ್ಲ ಅಕ್ಕನನ್ನು ಸಮಾಧಾನ ಮಾಡಬೇಕೆಂದು ಬಂದವರು. ಅಕ್ಕ ಬಾಗಿಲಲ್ಲೇ ಶುರು ಮಾಡಿದರು. ಕಂಬದ ಹತ್ತಿರ ತಿರುಗುವಾಗ ಸೊಂಟ ಯಾಕೆ ಎತ್ತಿದೆ, ಖೋ ಕೊಡುವ ಮೊದಲೇ ಯಾಕೆ ಎದ್ದೆ, ಕಳೆದ ಆರು ತಿಂಗಳು ನಾನು ಮಣ್ಣಿಗೆ ಹೇಳಿಕೊಟ್ಟೆನಾ. ಅವರು ಅಳುತ್ತಾ ಬೈಸಿಕೊಂಡರು. ಅತ್ತಿಗೆ ಎಲ್ಲರಿಗೂ ದೋಸೆ ಹಾಕಿದರು. ಆ ಮನೆಯಲ್ಲಿ ಅವತ್ತು ಕೆಲಸ ಹೋದ ಮಾತು ಯಾರೂ ಎತ್ತಲಿಲ್ಲ.

ತೆರಿಗೆಯವರು ಕಾಲೇಜಿಗೆ ಬಂದದ್ದು ಮುಂದಿನ ವರ್ಷ. ಒಂದು ದಿನ ಪೂರ್ತಿ ಲೆಕ್ಕ ನೋಡಿದರು. ನೌಕರರ ಸಂಬಳದಲ್ಲಿ ಹಿಡಿದು ಕಟ್ಟದೆ ಇಟ್ಟುಕೊಂಡರೆ ಜೈಲಿಗೂ ಹಾಕಬಹುದಾದ ಅಪರಾಧ. ಆದರೆ ಹಣವಂತನಿಗೆ ಒಂದು ಬಾಗಿಲು ಇದ್ದೇ ಇರುತ್ತದೆ. ಕರೆಸ್ಪಾಂಡೆಂಟ್ ಎಲ್ಲವನ್ನೂ ಬಡ್ಡಿಯ ಸಮೇತ ಕಟ್ಟಿ, ಅದರ ಮೇಲೆ ರಾಜಿಯ ಶುಲ್ಕವನ್ನೂ ಕಟ್ಟಿ ಹೊರಗೆ ಬಂದ. ಒಂದು ರಾತ್ರಿಯೂ ಆತನ ನಿದ್ದೆ ಕೆಟ್ಟಿರಲಿಕ್ಕಿಲ್ಲ. ನಮ್ಮ ಸಂಬಳ ಎರಡು ವರ್ಷ ಆತನ ವ್ಯವಹಾರ ನಡೆಸಿತು. ನಾವು ಕಟ್ಟುವುದು ತಡವಾದರೆ ದಂಡ, ಬಡ್ಡಿ, ನೋಟಿಸು. ಆತನಿಗೆ ರಾಜಿ. ಈಗಲೂ ಆತನೇ ಕರೆಸ್ಪಾಂಡೆಂಟ್. ಪದವಿ ಪ್ರದಾನದ ದಿನ ಈಗಲೂ ಕಪ್ಪು ಗೌನು ಹಾಕಿ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುತ್ತಾನೆ.

ಹಣ ಸೇರಿದ ಮೇಲೆ ನಮ್ಮ ಹೆಸರಿನ ಬಾಕಿ ಅಳಿಸಿಹೋಯಿತು. ಹೆದರಿ ಎರಡನೇ ಸಲ ಕಟ್ಟಿದ್ದವರಿಗೆಲ್ಲ ಅವರ ಹಣ ಬ್ಯಾಂಕಿಗೆ ವಾಪಸು ಬಂತು. ಅಕ್ಕನ ಸಹಿಯಿಂದ ಬಂದ ಹಣ ಅದು. ಆ ಜನ ಸೇರಿ ಸೇಲಂ ಜಂಕ್ಷನ್ ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿದರಂತೆ. ಅಕ್ಕನನ್ನು ಕರೆಯಲಿಲ್ಲ. ಕರೆದರೆ ಕರೆಸ್ಪಾಂಡೆಂಟನಿಗೆ ಗೊತ್ತಾಗುತ್ತದಲ್ಲ.

ಗಣಿತದವರು ಒಂದು ದಿನ ಟೌನ್ ಬಸ್ಸಿನಲ್ಲಿ ನನಗೆ ಸಿಕ್ಕರು. ಪಕ್ಕದಲ್ಲೇ ಬಂದು ನಿಂತು, ನಮಗೂ ಬಂತು ಮೇಡಂ, ಒಡವೆ ಬಿಡಿಸಿಕೊಂಡೆ, ಅವರಿಗೆ ನನ್ನ ಥ್ಯಾಂಕ್ಸ್ ಹೇಳಿ ಎಂದರು.

“ಇದು ಗುಗೈಗೇ ಹೋಗುವ ಬಸ್ಸು ಸಾರ್. ನಾನೂ ಅವರ ಮನೆಗೇ ಹೊರಟಿದ್ದೇನೆ. ಬನ್ನಿ, ನೀವೇ ಹೇಳಬಹುದು,” ಎಂದೆ.

ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟರು. ಅವರು ಇಳಿಯಬೇಕಾದದ್ದು ಅದಲ್ಲವೆಂದು ನನಗೆ ಗೊತ್ತಿತ್ತು.

ಅಕ್ಕನಿಗೆ ಇದನ್ನು ಹೇಳಿದಾಗ, ನಿಮಗೆ ಇವರ ಮೇಲೆ ಕೋಪವೇ ಬರುವುದಿಲ್ಲವಾ ಎಂದು ಕೇಳಿದೆ.

“ಬರಲ್ಲ ಅಂತ ಯಾರು ಏಳಿದ್ರು? ಬರ್ತೈತೆ. ನಾನೇನು ಸಾಮಿಯಾ? ಆದ್ರೆ ಅವ್ರು ಇಂದೆ ನಿಂತವ್ರೆ, ಸಾಲಲ್ಲಿ. ಮುಂದಿನೋನು ಮುಗೀಲಿ ಫಸ್ಟು.”

ಮುಂದಿನವನು ಮುಗಿಯಲಿಲ್ಲ. ಅಷ್ಟು ವರ್ಷದ ಗ್ರಾಚ್ಯುಟಿಯನ್ನು ಕೊಡದೆ ಅಲೆದಾಡಿಸಿದ. ಅಕ್ಕ ಲೇಬರ್ ಆಫೀಸಿಗೆ ಹತ್ತಿ ಇಳಿದು ಅದನ್ನೂ ಕಿತ್ತುಕೊಂಡರು, ಆದರೆ ಅದು ಕೈಗೆ ಬರುವ ಹೊತ್ತಿಗೆ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಬೆಳಗ್ಗೆ ಮಾತ್ರ ತಪ್ಪದೆ ಹತ್ತಿರದ ಶಾಲೆಯ ಮೈದಾನಕ್ಕೆ ಹೋಗಿ ಬೀದಿಯ ಹೆಣ್ಣುಮಕ್ಕಳಿಗೆ ಖೋ ಖೋ ಹೇಳಿಕೊಡುತ್ತಿದ್ದರು. ಕುರ್ಚಿ ಹಾಕಿಕೊಂಡು ಕೂತು, ಕೂತಲ್ಲಿಂದಲೇ ಬೈಯುತ್ತಿದ್ದರು. ಕೊನೆಯ ಸಲ ಕಂಡಾಗ ಒಬ್ಬಳು ಪುಟ್ಟ ಹುಡುಗಿಯನ್ನು ತೋರಿಸಿ, ‘ಇವ್ಳ ಕಾಲು ನೋಡ್ಲೇ, ಗಾಳಿ ಇದ್ದಂಗೈತೆ, ಬುದ್ಧಿ ಮಾತ್ರ ಇಲ್ಲ’ ಎಂದು ಬೈದರು. ಅದು ಹೊಗಳಿಕೆಯೆಂದು ಅರ್ಥ ಮಾಡಿಕೊಂಡು ಆ ಹುಡುಗಿ ಓಡಿದಳು.

ಒಂದು ಬೆಳಗ್ಗೆ ಅತ್ತಿಗೆ ಫೋನು ಮಾಡಿದರು. ನಾನು ಧರ್ಮಪುರಿಯಿಂದ ಹೋಗುವಷ್ಟರಲ್ಲಿ ಬೀದಿ ತುಂಬಿತ್ತು. ಅಕ್ಕನನ್ನು ಹೊರಗೆ ಚಪ್ಪರದ ಕೆಳಗೆ ಮಲಗಿಸಿದ್ದರು. ಅಕ್ಕನ ಕೈಯಲ್ಲಿ ಪಳಗಿದ ಹುಡುಗಿಯರು ಬಂದಿದ್ದರು, ಈಗ ಹುಡುಗಿಯರಲ್ಲ, ಮಕ್ಕಳ ತಾಯಂದಿರು. ಎಡಪ್ಪಾಡಿಯ ನಾಯಕಿ ತನ್ನ ಕೂಸನ್ನು ಅತ್ತಿಗೆಯ ಮಡಿಲಿಗೆ ಹಾಕಿ, ಸೆರಗು ಬಿಗಿದು ಚಟ್ಟದ ಹತ್ತಿರ ಬಂದು ನಿಂತಳು. ನಾವು ಹೊರುತ್ತೇವೆ ಎಂದಳು.

ಬೀದಿಯ ಹಿರಿಯರೊಬ್ಬರು ಅಡ್ಡ ಬಂದರು.

“ಎಣ್ಮಕ್ಕಳು ಸುಡುಗಾಡಿಗೆ ಬರೋ ಪದ್ಧತಿ ನಮ್ಮಲ್ಲಿ ಇಲ್ಲಮ್ಮ. ಇವ್ಳಿಗೆ ಅಣ್ಣ ಇಲ್ಲ, ಮಗ ಇಲ್ಲ ಅಂತ ನಾವು ಬಿಟ್ಬಿಡ್ತೀವಾ? ನಾವ್ ಒತ್ಕೊಂಡೋಗ್ತೀವಿ.”

ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ಅತ್ತಿಗೆ ಬಾಯಿ ತೆಗೆದರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

“ಕೆಲ್ಸ ಓದಾಗ ಇವ್ಳ ಮನೇಗೆ ಬಂದೋರು ಈ ಮಕ್ಕಳು. ನೀವ್ ಯಾರೂ ಬರ್ಲಿಲ್ಲ ಮಾವಾ. ಅವ್ರೇ ಒರ್ಲಿ.”

ಹಿರಿಯರು ಹಿಂದೆ ಸರಿದರು. ಆರು ಜನ ಹೆಣ್ಣುಮಕ್ಕಳು ಹೊತ್ತರು. ಉಳಿದವರು ಹೆಗಲು ಬದಲಿಸಲು ಹಿಂದೆ ನಡೆದರು, ಅವರ ಜೊತೆ ನಾನೂ.

ಬೀದಿಯ ಕೊನೆಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಕರೆಸ್ಪಾಂಡೆಂಟ್ ಇಳಿದು, ಎರಡೂ ಕೈಯಲ್ಲಿ ದಪ್ಪ ಗುಲಾಬಿ ಹಾರ ಹಿಡಿದು ರಸ್ತೆಯ ನಡುವಿಗೆ ಬಂದ. ಅಂಥವರು ಹಾರ ಹಿಡಿದು ಬಂದರೆ ಹೆಣ ಹೊತ್ತವರು ನಿಲ್ಲುವುದು, ಅವರು ಹಾರ ಹಾಕಿ ಕೈ ಮುಗಿಯುವುದು, ಜೊತೆಯವನು ಫೋಟೋ ತೆಗೆಯುವುದು, ಇದು ನಮ್ಮ ಕಡೆಯ ರೂಢಿ. ತಮಟೆಯವರು ಆತನನ್ನು ಕಂಡು ಬಡಿಯುವುದನ್ನು ನಿಧಾನ ಮಾಡಿದರು.

ಮುಂದಿನ ಹೆಗಲು ನಾಯಕಿಯದು. ಅವಳು ಆತನ ಮುಖ ನೋಡಲಿಲ್ಲ. ಹೆಜ್ಜೆಯನ್ನು ಒಂದಿಷ್ಟು ಜೋರು ಮಾಡಿದಳು. ಉಳಿದ ಐವರ ಹೆಜ್ಜೆಯೂ ಅದಕ್ಕೆ ಕೂಡಿಕೊಂಡಿತು. ಆತ ಪಕ್ಕಕ್ಕೆ ಸರಿದು ಚರಂಡಿಯ ಕಲ್ಲಿನ ಮೇಲೆ ನಿಲ್ಲಬೇಕಾಯಿತು. ಅಕ್ಕ ಅವನ ಮುಂದೆಯೇ ಹಾದು ಹೋದರು.